ಅಂಗಿಯ ಅಂಚಿನ ಸೀಸ

ಫೆಬ್ರವರಿಯಲ್ಲಿ ಕ್ಯುರೋ ನದಿ ನದಿಯಲ್ಲ, ರಸ್ತೆ.
ಹುಲ್ಲು ಹೊತ್ತ ಜಾರುಬಂಡಿ, ಹಾಲಿನ ಕ್ಯಾನು, ಒಮ್ಮೆ ಒಂದು ಮದುವೆ ದಿಬ್ಬಣ
ಅದರ ಬೆನ್ನ ಮೇಲೆಯೇ ಹೋದವು.
ಇಂಥ ಕಾಲದಲ್ಲಿ ತಾಹ್ವೊ ನಂಬಿದ.
ನಂಬಿಕೆಗೆ ಹಂಗಾಮು ಎಲ್ಲಿದೆ?

ಬ್ಯೋರ್ಕ್‌ಮನ್ ಪಾದ್ರಿ ಅವನ ಎರಡೂ ಕೈ ಹಿಡಿದು
'ಮಂಜುಗಡ್ಡೆ ಒಡೆಯಲಿ, ಮೇ ತಿಂಗಳಲ್ಲಿ ಮುಳುಗಿಸುತ್ತೇನೆ' ಎಂದ.
ತೊಟ್ಟಿಯಲ್ಲಾಗದೆ ಎಂದು ಯಾರೋ ಕೇಳಿದರು.
ಹರಿಯುವ ನೀರೇ ಬೇಕೆಂದವನು ತಾಹ್ವೊ.
ಮರದ ದಿಮ್ಮಿಗಳನ್ನು ಆ ನದಿಯಲ್ಲೇ ತೇಲಿಬಿಟ್ಟವನು,
ಕುಡಿದು ಎರಡು ಸಲ ಅದರಲ್ಲೇ ಬಿದ್ದವನು,
ಮೂರನೆಯ ಸಲ ಬೇಕೆಂದೇ ಬೀಳುತ್ತೇನೆ ಎಂದು ನಕ್ಕ.

ಅಂಗಿ ಹೊಲಿಯಲು ನನಗೆ ಹೇಳಿದ.
ಅಗಸೆನಾರಿನ ಬಿಳಿ ಅಂಗಿ, ಮೊಣಕಾಲ ಕೆಳಗಿನವರೆಗೆ.
ಅಂಚಿನ ಮಡಿಕೆಯಲ್ಲಿ ಸೀಸದ ಎಂಟು ಗುಂಡು.
ಇಲ್ಲದಿದ್ದರೆ ನೀರಿಗಿಳಿದಾಗ ಅಂಗಿ ಛತ್ರಿಯಂತೆ ಅರಳಿ
ಮಾನವೂ ತೇಲಿಹೋಗುತ್ತದೆ.
ಸ್ವರ್ಗಕ್ಕೆ ಹೊರಟವನಿಗೂ ಸ್ವಲ್ಪ ಭಾರ ಬೇಕು.

ಮಾರ್ಚ್ ಹನ್ನೊಂದಕ್ಕೆ ಎದೆಯ ಜ್ವರ.
ಹದಿನಾಲ್ಕಕ್ಕೆ ಸೌನಾದ ಹಲಗೆಯ ಮೇಲೆ ಮಲಗಿದ್ದ.
ನಮ್ಮ ಫಿನ್ನರಲ್ಲಿ ಹುಟ್ಟುವುದೂ ಅಲ್ಲೇ,
ಸತ್ತ ಮೇಲೆ ತೊಳೆಸಿಕೊಳ್ಳುವುದೂ ಅಲ್ಲೇ.
ಒಂದೇ ಹಲಗೆ, ಒಂದೇ ತಾಮ್ರದ ಹಂಡೆ,
ಹೆಚ್ಚಿನ ಸಲ ಇದೇ ನನ್ನ ಎರಡು ಕೈ.

ಬಾಗಿಲಾಚೆ ಎರಡು ದನಿ.
ದೊಡ್ಡ ಚರ್ಚಿನ ಗುಮಾಸ್ತ ಪುಸ್ತಕ ತಂದಿದ್ದ:
'ತಾಯಿ ಸಂತೆಯಿಂದ ಸಂತೆಗೆ ಅಲೆದವಳು. ಹುಟ್ಟಿದ ಊರು ಗೊತ್ತಿಲ್ಲ.
ಹಣೆಗೆ ಯಾರೂ ನೀರು ಮುಟ್ಟಿಸಿದ ದಾಖಲೆಯಿಲ್ಲ.
ಗೋಡೆಯೊಳಗೆ ಹೂಳುವುದು ಹೇಗೆ?'
'ಶಿಲುಬೆಯ ಮೇಲಿದ್ದ ಆ ಕಳ್ಳನಿಗೆ
ನೀರು ಹೊತ್ತು ತಂದವರು ಯಾರು?'
'ನೀರಿನಿಂದಲೂ ಆತ್ಮದಿಂದಲೂ ಹುಟ್ಟದವನು ಎಂದಿದೆಯಲ್ಲ?'
'ಇದೆ.'
'ಮತ್ತೆ?'
ಬ್ಯೋರ್ಕ್‌ಮನ್ ಮಾತಾಡಲಿಲ್ಲ. ಹಿಮದಲ್ಲಿ ಅವನ ಬೂಟು
ಅತ್ತ ನಾಲ್ಕು ಹೆಜ್ಜೆ, ಇತ್ತ ನಾಲ್ಕು ಹೆಜ್ಜೆ.
ಮೇ ತಿಂಗಳು ಎಂದವನು ಅವನೇ ಅಲ್ಲವೆ.

ನಾನು ತೊಳೆದೆ. ಕಿವಿಯ ಹಿಂದೆ, ಕಂಕುಳು,
ಕೊಡಲಿ ತಿಂದ ಬೆರಳಿನ ಮೊಂಡು.
ಹಂಡೆಯ ನೀರು ಅದೇ ನದಿಯದು,
ಬೆಳಿಗ್ಗೆ ಮಂಜುಗಡ್ಡೆಯಲ್ಲಿ ತೂತು ಕೊರೆದು ಮಗಳು ತಂದದ್ದು.
ಉಸಿರು ನಿಲ್ಲುವಂತಿದ್ದ ಎಷ್ಟೋ ಕೂಸುಗಳ ನೆತ್ತಿಗೆ
ಪಾದ್ರಿ ಬರುವ ಮೊದಲೇ ಮೂರು ಸಲ ಹೊಯ್ದ ಕೈ ಇದು.
ಹೆಸರು ಗೊತ್ತು, ಕ್ರಮ ಗೊತ್ತು.
ಬೊಗಸೆ ತುಂಬಿ ಅವನ ಹಣೆಯ ಮೇಲೆ ಹಿಡಿದೆ.
'ತಂದೆಯ' ಎಂದೆ.

ಅಲ್ಲಿಗೇ ನಿಂತೆ.
ಮುಂದೆ ಹೇಳಿದ್ದರೆ, ಈ ಗಳಿಗೆಯವರೆಗೆ
ಅವನು ಹೊರಗಿದ್ದನೆಂದು ನಾನೇ ಒಪ್ಪಿಕೊಂಡ ಹಾಗೆ.
ಹೇಳದಿದ್ದರೆ, ದೇವರೇ, ಆ ಗುಮಾಸ್ತನ ಮಾತೇ ನಿಜವಾಗಿದ್ದರೆ?
ನೀರು ಕಾಯಲಿಲ್ಲ. ಬೆರಳ ಸಂದಿಯಿಂದ ತಾನಾಗಿ ಸೋರಿ
ಅವನ ಹುಬ್ಬಿನ ಮೇಲೆ, ರೆಪ್ಪೆಯ ಮೇಲೆ.
ಅದನ್ನು ಯಾವ ಲೆಕ್ಕಕ್ಕೆ ಸೇರಿಸುವುದೋ ನನಗೆ ತಿಳಿಯದು.
ಒರೆಸಲಿಲ್ಲ.

ಆ ಅಂಗಿಯನ್ನೇ ತೊಡಿಸಿದೆ.
ಮೊದಲು ಅಂಚು ಬಿಚ್ಚಿ ಎಂಟೂ ಗುಂಡು ಹೊರತೆಗೆದೆ.
ಇನ್ನು ತೇಲಿದರೂ ನೋಡುವವರಿಲ್ಲ.
ಗೋಡೆಯ ಬುಡದಲ್ಲಿ ಹೂತರು. ಒಳಗೋ ಹೊರಗೋ,
ಹಿಮ ಗೋಡೆಯನ್ನೇ ನುಂಗಿತ್ತು,
ಗುಮಾಸ್ತ ಅಂದು ಗುದ್ದಲಿ ಹಿಡಿದವರನ್ನು ಕೇಳಲಿಲ್ಲ.

ಮೇ ಆರರ ರಾತ್ರಿ ನದಿ ಒಡೆಯಿತು, ಕೋವಿ ಹಾರಿಸಿದ ಸದ್ದು.
ಭಾನುವಾರ ಏಳು ಮಂದಿ ದಡದಲ್ಲಿ ಸಾಲಾಗಿ ನಿಂತರು,
ಹಲ್ಲು ಕಟಕಟಿಸುತ್ತ, ಹಾಡುತ್ತ.
ಅಷ್ಟರೊಳಗೆ ನನ್ನ ಮೊಮ್ಮಗ, ಕೇಳದೆಯೆ,
ಕಿಟಕಿಯ ಬಟ್ಟಲಿಂದ ಸೀಸದ ಗುಂಡುಗಳನ್ನೆತ್ತಿ
ಬಲೆಗೆ ಕಟ್ಟಿಯಾಗಿತ್ತು.
ಪಾದ್ರಿ ಇನ್ನೂ ಮೊಣಕಾಲವರೆಗೆ ಇಳಿದಿರಲಿಲ್ಲ.
ಮೇಲಿನ ತಿರುವಿನಲ್ಲಿ ಹುಡುಗ ಬಲೆ ಬೀಸಿದ.
ಸಣ್ಣಗೆ, ಒಂದರ ಹಿಂದೊಂದು, ಎಂಟು ಸದ್ದು.
ನಾನು ಎಣಿಸಿದೆ.