ಇತರೆ ಖರ್ಚು

ಭಾನುವಾರದ ಪಾಠ ಓದುವ ಸರದಿ ನನ್ನದು.
ಸುವಾರ್ತಾ ಇಸ್ತ್ರಿ ಮಾಡಿಟ್ಟ ಅಂಗಿ, ಕಾಲರಿನಡಿ ಇನ್ನೂ ಬಿಸಿ.
ಹಿಂದಿನ ಮೂರು ರಾತ್ರಿ ಎಬಿನೇಜರ್ ಬೋಧಕರು
ಬಿಳಿ ಬಟ್ಟೆಯ ಮೇಲೆ ಬಣ್ಣದ ಮೃಗ ಬರೆಸಿ ತಂದು
ಬಿದಿರುಕೋಲಿನಿಂದ ಒಂದೊಂದೇ ತಲೆ ಎಣಿಸಿ ತೋರಿಸಿದ್ದರು:
ಬಾಬೆಲೆಂಬ ಪಟ್ಟಣ ಬೀಳುತ್ತದೆ,
ತಾಸು ಹೊತ್ತು ಸಾಕು.
ಎಲ್ಲಿದೆ ಅಯ್ಯಾ ಅದು, ಎಂದರು ಹಿಂದಿನ ಬೆಂಚಿನ ಹಿರಿಯರು.
ಒಬ್ಬರು ರೋಮು ಎಂದರು, ಇನ್ನೊಬ್ಬರು ದುಬೈ.
ಅಳಿಯನ ಮೇಲೆ ಸಿಟ್ಟಿದ್ದ ಎಸ್ತೇರಮ್ಮ ಮಾತ್ರ
ಹುಬ್ಬಳ್ಳಿ ಇರಬಹುದು ಎಂದಳು.
ನಕ್ಕೆವು. ಚಹಾ ಕುಡಿದೆವು.
ತುಂಗೆಯ ಕಡೆಯಿಂದ ಗಾಳಿ ಬಂದು
ಮೃಗದ ಹೊಟ್ಟೆ ಉಬ್ಬಿ ಇಳಿಯಿತು.

ನಾನು ಅಡಿಕೆ ಮಂಡಿಯ ರೈಟರು, ಇಪ್ಪತ್ತಾರು ವರ್ಷ.
ಯಾರ್ಡಿನ ಮೂರನೆಯ ಸಾಲು, ತಗಡಿನ ಮಾಡಿನ ಕೆಳಗೆ
ರಾಶಿ, ಬೆಟ್ಟೆ, ಗೊರಬಲು, ಸರಕು
ಬಾಯಿಗೆ ಬರುವ ಮೊದಲೇ ಕೈಗೆ ಬರುತ್ತವೆ.
ಪಟ್ಟಿ ಎಂದರೆ ನನಗೆ ಪ್ರಾರ್ಥನೆಗಿಂತ ಹೆಚ್ಚು ರೂಢಿ.
ತಪ್ಪೆಂದು ಗೊತ್ತು, ಆದರೂ ನಿಜ.

ಓದುತ್ತ ಹೋದೆ.
ಪಟ್ಟಣ ಉರಿಯುತ್ತಿದೆ, ದೂರ ನಿಂತು ಗೋಳಾಡುತ್ತಿದ್ದಾರೆ ವರ್ತಕರು,
ಸತ್ತವರಿಗಾಗಿ ಅಲ್ಲ,
ತಮ್ಮ ಸರಕಿಗೆ ಇನ್ನು ಗಿರಾಕಿ ಇಲ್ಲವೆಂದು.
ಸರಕು. ಆ ಪದಕ್ಕೆ ನಾಲಿಗೆ ತಡವರಿಸಿತು:
ಈ ವಾರದ ಸರಕು ಎಪ್ಪತ್ತೆಂಟು ಸಾವಿರಕ್ಕೆ ನಿಂತಿತ್ತು.
ಆಮೇಲೆ ಪಟ್ಟಿ.
ಹೊನ್ನು, ಮುತ್ತು, ರೇಷ್ಮೆ, ಪರಿಮಳದ ಮರ,
ದಾಲ್ಚಿನ್ನಿ, ಧೂಪ, ಗೋದಿ, ಕುರಿ, ಕುದುರೆ, ಗಾಡಿ...
ಯಾರೋ ನನ್ನ ಹಾಗೆಯೇ
ಕಿವಿಗೆ ಲೆಕ್ಕಣಿಕೆ ಸಿಕ್ಕಿಸಿಕೊಂಡವನು
ಬೆಲೆಯ ಕ್ರಮದಲ್ಲಿ ಬರೆಸಿದ್ದಾನೆ,
ದುಬಾರಿಯದು ಮೇಲೆ, ಅಗ್ಗದ್ದು ಕೆಳಗೆ.
ಎಲ್ಲಕ್ಕಿಂತ ಕೆಳಗೆ, ಗಾಡಿಯೂ ಆದ ಮೇಲೆ,
ಮನುಷ್ಯರ ಪ್ರಾಣ.

ನಿಂತುಬಿಟ್ಟೆ.
ಕನ್ನಡಕ ಮರೆತನೆಂದುಕೊಂಡರು ಸಭೆಯವರು.
ಸುವಾರ್ತಾ ಕೆಮ್ಮಿ ಎಚ್ಚರಿಸಿದಳು.

ಸೋಮ್ಲಾ ನಾಯ್ಕ, ಶಿಕಾರಿಪುರದ ಕಡೆಯ ತಾಂಡಾದವನು.
ಶ್ರಾವಣದ ಒಂದು ಮಧ್ಯಾಹ್ನ ಚೀಲದ ನಿಟ್ಟು ಜರಿದು
ಹನ್ನೊಂದು ಚೀಲ ಅವನ ಮೇಲೆ. ಕೊನೆಯದನ್ನು ಎತ್ತಲು ನಾನೂ ಕೈ ಹಚ್ಚಿದೆ.
ಬಾಯಲ್ಲಿ ಕೆಂಪು,
ಎಲೆಯಡಿಕೆಯದೇ ಇರಬೇಕು ಎಂದುಕೊಂಡೆ ಒಂದು ಕ್ಷಣ.
ಆಟೋ ನೂರಿಪ್ಪತ್ತು, ಬಿಳಿ ಬಟ್ಟೆ ಮುನ್ನೂರು,
ಹೆಂಡತಿಯ ಕೈಗೆ ಹದಿನೈದು ಸಾವಿರ, ಹೆಬ್ಬೆಟ್ಟು ಒತ್ತಿಸಿಕೊಂಡು.
"ಯಾವ ಖಾತೆಗೆ ಬರೀಲಿ?" ಎಂದು ಕೇಳಿದ್ದೆ.
ಸಾಹುಕಾರರು ಫೋನಿನಿಂದ ತಲೆ ಎತ್ತದೆ "ಇತರೆ" ಎಂದರು.
ಇತರೆ ಖರ್ಚು.
ಮೇಲಿನ ಸಾಲು: ಗೋಣಿದಾರ, ಮೂರು ಉಂಡೆ.
ಕೆಳಗಿನದು: ತಕ್ಕಡಿ ರಿಪೇರಿ.
ನನ್ನ ಅಕ್ಷರ ದುಂಡಗೆ, ಎಲ್ಲರೂ ಮೆಚ್ಚುತ್ತಾರೆ.

ಕೊನೆಯ ಪದ ಓದಿದೆ. ಹೇಗೆ ಓದಿದೆನೋ.
ಬೋಧಕರು ಎದ್ದು ಕೈ ಚಾಚಿ
ಗೋಡೆಯಾಚೆಯ ದೂರದ ಪಟ್ಟಣಕ್ಕೆ ಅಯ್ಯೋ ಎಂದರು,
ಸಭೆ ಆಮೆನ್ ಎಂದಿತು.
ಅವರ ಬೆರಳು ಹೋದ ದಿಕ್ಕು ಸಾಗರ ರಸ್ತೆ.

ಸಂಜೆ ಸೇತುವೆಯ ಮೇಲೆ ಸ್ಕೂಟರು ನಿಲ್ಲಿಸಿದೆ.
ಊರು ದೀಪ ಹಚ್ಚಿಕೊಳ್ಳುತ್ತಿತ್ತು.
ಗಾಂಧಿ ಬಜಾರಿನಿಂದ ಮದುವೆ ಜವಳಿಯ ಗಂಟು ಹೊತ್ತು ಯಾರೋ ಬರುತ್ತಿದ್ದರು,
ಹೊಳೆದಂಡೆಯ ಮನೆಯೊಂದರಲ್ಲಿ
ಮಿಕ್ಸಿ ಗೊರಗೊರ ಎಂದು ನಿಂತು ಮತ್ತೆ ಗೊರಗೊರ ಎಂದಿತು.
ಸುಡಬೇಡ ಸ್ವಾಮೀ ಎಂದು ಬಾಯಿ ತೆರೆದವನು
ಯಾರ ಪರವಾಗಿ ಎಂದು ತಿಳಿಯದೆ ಮುಚ್ಚಿದೆ.
ಬೆಂಕಿ ಬಂದರೆ ಮೊದಲು ಹತ್ತುವುದು ಕಾಗದ.
ಆ ವರ್ಷದ ಖಾತೆ ಬೀರುವಿನಲ್ಲಿದೆ, ಎರಡನೆಯ ಅರೆ.
ಕೀಲಿ ನನ್ನ ಜೇಬಿನಲ್ಲಿ.

ಹಿಂದೆ ಕೂತ ಸುವಾರ್ತಾ ಕೇಳಿದಳು,
"ಏನು ಯೋಚನೆ ಮಾಡ್ತಾ ಇದೀರಿ?"
"ಅವಳ ಹೆಸರು" ಎಂದೆ.
ಹೆಬ್ಬೆಟ್ಟಿನ ಮುಂದೆ ಜಾಗ ಬಿಟ್ಟಿದ್ದೆ,
ಕೇಳಿ ಬರೆದರಾಯಿತು ಎಂದು.