ಮೂವತ್ತರಲ್ಲಿ ಏಳು

ಸೋಫಾದ ಬಟ್ಟೆಯ ಚೂರು ಹಿಡಿದು ಬರುತ್ತಾರೆ ನನ್ನ ಅಂಗಡಿಗೆ,
‘ಇದಕ್ಕೆ ಹೊಂದುವ ಚಿತ್ರ ಇದೆಯೇ, ಸ್ವಲ್ಪ ನೀಲಿ ಇರಲಿ’ ಅಂತ.
ಇರುತ್ತದೆ. ಕೊಡುತ್ತೇನೆ.
ಕಟ್ಟು ಹಾಕುವವನಿಗೆ ಬಣ್ಣದ ಜಗಳ ಯಾಕೆ.

ಸಾಲ್ಮೆ ಬಂದದ್ದು ತಾರ್ತುವಿನ ನದಿ ಹೆಪ್ಪುಗಟ್ಟಿದ ವಾರ,
ಮಕ್ಕಳನ್ನು ಎಳೆಯುವ ಹಿಮಗಾಡಿಯಲ್ಲಿ
ಕಂಬಳಿ ಹೊದಿಸಿ ಕಟ್ಟಿದ ಹನ್ನೊಂದು ಎಚಿಂಗ್‌ಗಳ ಜೊತೆ.
ನಲವತ್ತು ವರ್ಷ ಊರಿನ ಬಾಯಿ ನೋಡಿದ ಹಲ್ಲಿನ ಡಾಕ್ಟರು.
ಮೊದಲನೆಯ ಮೊಳೆ ನಾನು ಕೀಳುವಾಗ
‘ಸ್ವಲ್ಪ ನೋಯಬಹುದು’ ಎಂದರು;
ಯಾರಿಗೆ ಅಂತ ಹೇಳಲಿಲ್ಲ.

ಎಲ್ಲವೂ ಒಬ್ಬನವೇ. ವಿಲ್ಲು. ಅಂಗೈ ಅಗಲದ ಚಿತ್ರಗಳು:
ಒಂಟಿ ಬೂಟು. ಬೇಲಿ. ಸೌನಾ ಹಿಂದಿನ ಏಣಿ.
ಕವುಚಿದ ದೋಣಿ, ಅದರ ಮೇಲೆ
ಯಾವುದಕ್ಕೋ ಮುನಿಸಿಕೊಂಡ ಕಡಲಹಕ್ಕಿ.
ಚಿಕಿತ್ಸೆ ಪುಕ್ಕಟೆಯಿದ್ದ ಕಾಲ. ಆದರೂ ಬರಿಗೈಯಲ್ಲಿ ಬಂದು
ಬಾಯಿ ತೆರೆಯುವುದು ಹೇಗೆ?
ಉಳಿದವರು ಹೊಗೆಯಾಡಿಸಿದ ಮೀನು ತಂದರು,
ಅಣಬೆಯ ಉಪ್ಪಿನಕಾಯಿ ತಂದರು. ವಿಲ್ಲು ಕಾಗದ ತಂದ.
‘ಮೀನು ಅವತ್ತೇ ಮುಗಿಯಿತು’ ಎನ್ನುತ್ತಾರೆ ಸಾಲ್ಮೆ.

ಹೋಗುವಾಗ ಅವನು ಕೇಳುತ್ತಿದ್ದದ್ದು ಒಂದೇ:
ಮೊಂಡಾದ ಸೂಜಿ, ಕೊಕ್ಕೆ, ಎಸೆಯುವಂಥವು.
ಕಲ್ಲಿಗೆ ಮಸೆದು, ಮೇಣ ಬಳಿದ ತಾಮ್ರದ ಮೇಲೆ ಗೀರುತ್ತಿದ್ದ.
ಗೀರಿದಲ್ಲೆಲ್ಲ ಆಸಿಡ್ ಕಚ್ಚುತ್ತಿತ್ತು,
ಕಚ್ಚಿದ ಗುಂಡಿಯಲ್ಲಿ ಮಸಿ ನಿಲ್ಲುತ್ತಿತ್ತು.
‘ನಾನು ಮುಚ್ಚುತ್ತಿದ್ದೆ, ಅವನು ತೋಡುತ್ತಿದ್ದ.
ಈ ಬೇಲಿ ಇದೆಯಲ್ಲ, ಇದನ್ನು ಗೀರಿದ ಕೊಕ್ಕೆ
ನಮ್ಮತ್ತೆಯ ಬಾಯಲ್ಲಿ ಆರು ತಿಂಗಳು ದುಡಿದದ್ದು.
ಅದಕ್ಕೇ ನೋಡಿ, ಇಷ್ಟು ಹರಿತ.’

ಹಳೆಯ ಕಟ್ಟು ಬಿಚ್ಚಿದೆ.
ಬೆನ್ನಿನ ರಟ್ಟು ಹಳದಿಗಟ್ಟಿ ಚಿತ್ರದ ಅಂಚಿಗೆ ಚಹಾ ಬಣ್ಣ ಹತ್ತಿದೆ.
ರಟ್ಟಲ್ಲ ಅದು, ದವಾಖಾನೆಯ ಕಾರ್ಡು:
ಮೇಲೊಂದು ಕೆಳಗೊಂದು ಹಲ್ಲಿನ ಸಾಲು, ಅಲ್ಲಲ್ಲಿ ಕಾಟು, ಸೊನ್ನೆ.
ಹೆಸರಿನ ಜಾಗದಲ್ಲಿ ವಿಲ್ಲು.
ಹನ್ನೊಂದರ ಬೆನ್ನಿಗೂ ಅದೇ ಬಾಯಿ,
ವರ್ಷದಿಂದ ವರ್ಷಕ್ಕೆ ಬೋಳಾಗುತ್ತ.

ನಾನು ವ್ಯಾಪಾರಿಯ ಮಾತಾಡಿದೆ: ಇಂಥ ರಟ್ಟಿನಲ್ಲೇ ಆಸಿಡ್ ಇರುತ್ತದೆ,
ಮೆಲ್ಲಗೆ ಕಾಗದ ತಿನ್ನುತ್ತದೆ, ತೆಗೆದುಬಿಡೋಣ.
ಕನ್ನಡಕ ತೆಗೆದು ಒರೆಸಿದರು, ಬಹಳ ಹೊತ್ತು.
‘ಪೂರ್ತಿ ತಿನ್ನಲು ಎಷ್ಟು ವರ್ಷ?’
ಐವತ್ತು, ಅರವತ್ತು.
‘ನನಗೆ ಎಂಬತ್ತೊಂದು’ ಎಂದರು. ಲೆಕ್ಕ ಅಲ್ಲಿಗೆ ನಿಂತಿತು.

ಅಂಚು ಕತ್ತರಿಸಿದರೆ ಸಣ್ಣ ಕಟ್ಟಿಗೆ ಕೂರುತ್ತದೆ, ಖರ್ಚೂ ಕಡಿಮೆ, ಅಂದೆ.
ಹೊಡೆಯುವುದೊಂದೇ ಬಾಕಿ.
ನನ್ನ ಹೆಬ್ಬೆರಳು ಹಿಡಿದು, ತಾಮ್ರ ಒತ್ತಿ ಬಿಟ್ಟುಹೋದ ತಗ್ಗಿನ ಗೆರೆಯ ಮೇಲೆ
ಒಸಡು ಸವರಿಸಿದ ಹಾಗೆ ಸವರಿಸಿದರು.
‘ಇದರಾಚೆಯ ಬಿಳಿಯೂ ಚಿತ್ರವೇ.’
ಅಲ್ಲಿ ಪೆನ್ಸಿಲಿನಲ್ಲಿ: ಮೂವತ್ತರಲ್ಲಿ ಏಳು.
ಉಳಿದವು?
‘ಯಾರ್ಯಾರ ಗೋಡೆಯಲ್ಲೋ. ಒಂದು ಚಮ್ಮಾರನ ಹತ್ತಿರವಿದೆ.
ಬೂಟು, ಮತ್ತೇನು.’

ದೊಡ್ಡ ಮನೆ ಬಿಟ್ಟು ಒಂದೂವರೆ ಕೋಣೆಗೆ ಬಂದಿದ್ದಾರೆ.
ಹಲ್ಲು-ಕಡಲೆಯ ಅದೇ ಹಳೆ ಕತೆ:
ಗೋಡೆಯಿದ್ದಾಗ ನೋಡಲು ಪುರುಸೊತ್ತಿರಲಿಲ್ಲ,
ಈಗ ಪುರುಸೊತ್ತಿದೆ, ಗೋಡೆಯಿಲ್ಲ.
ಕಿಟಕಿಯೆದುರು ಬೇಡ, ಬಿಸಿಲು. ಒಲೆಯ ಪಕ್ಕ ಬೇಡ.
ಬಚ್ಚಲ ಬಾಗಿಲ ಬಳಿ ಬೇಡವೇ ಬೇಡ.
ಉಳಿದದ್ದು ಕೋಟು ನೇತುಹಾಕುವ ಓಣಿ, ಎರಡು ಮೊಳ ಅಗಲ;
ನಿಂತು ನೋಡಲು ಹಿಂದೆ ಸರಿಯುವ ಜಾಗವಿಲ್ಲ,
ಮೂಗು ತಾಗುವಷ್ಟು ಹತ್ತಿರ.
‘ನಾನು ಅವನನ್ನು ನೋಡಿದ್ದೂ ಅಷ್ಟೇ ಹತ್ತಿರದಿಂದ’ ಎಂದರು.

ಕಾರ್ಡುಗಳನ್ನು ಎಸೆಯಲಿಲ್ಲ. ಚಿತ್ರಕ್ಕೂ ಅವಕ್ಕೂ ನಡುವೆ
ಹತ್ತಿಯ ದಪ್ಪ ಹಾಳೆ ಇಟ್ಟೆ. ರಾಜಿ.
ಬಿಲ್ಲು ಬರೆಯುವಾಗ ಬ್ರೆಡ್ಡಿನ ತುಂಡು ಬಾಯಲ್ಲಿತ್ತು ನನಗೆ.
‘ಎಡಗಡೆ ಯಾಕೆ ಅಗಿಯುವುದಿಲ್ಲ ನೀವು?
ಇಲ್ಲಿ, ದೀಪದ ಕೆಳಗೆ ಬನ್ನಿ.’
ಬಾಗಿಲಲ್ಲಿ ಬಟ್ಟೆಯ ಚೂರು ಹಿಡಿದು ಯಾರೋ ನಿಂತಿದ್ದರು.
ನೀಲಿ ಇದೆಯೇ ಅಂತ ಕೇಳಿದರು.
ನನ್ನ ಬಾಯಿ ತೆರೆದೇ ಇತ್ತು.