ಇಂಗ್ಲಿಷ್ ನಾಲ್ಕು

ಖಲಂದರ್ ಹೇಳುವುದು ಮೊದಲನೆಯದೇ ಮೇಲು ಅಂತ.
ಅವನು ಯಾವತ್ತೂ ಮೊದಲನೆಯದರ ಪಕ್ಷ:
ಮೊದಲ ಬಸ್ಸು, ಮೊದಲ ಚಹಾ,
ಮೊದಲು ಬಾಯಿಗೆ ಬಂದ ಮಾತು.

ನಾನು ಒಪ್ಪುವುದಿಲ್ಲ.
ಟಿನ್ ಕೈಟ್ಸ್‌ನವರ ಮೊದಲ ಆಲ್ಬಮ್ಮಿನಲ್ಲಿ
ಹನ್ನೊಂದು ಹಾಡು, ಹನ್ನೊಂದೂ ಒಂದೇ ಹುಡುಗಿಗೆ,
ಹನ್ನೊಂದರಲ್ಲೂ ಅವಳು ಫೋನ್ ಎತ್ತುವುದಿಲ್ಲ.
ಚೆಂದ ಉಂಟು, ಇಲ್ಲವೆನ್ನಲಾರೆ.
ಗಿಟಾರು, ಅಡ್ಡಬಿದ್ದ ಸ್ಟೀಲ್ ಲೋಟಗಳು
ಉರುಳಿ ಉರುಳಿ ಬಿಸಿಲಿಗೆ ಬಂದ ಹಾಗೆ.
ಆದರೆ ಡ್ರಮ್ಮಿನವನಿಗೆ ಅವಸರ.
ಇಪ್ಪತ್ತಾರು ವರ್ಷ ಟೈಪಿಂಗ್ ಕಲಿಸಿದವಳು ನಾನು,
ಅವಸರದ ಬೆರಳು ಯಾರದೆಂದು
ಗೋಡೆಯಾಚೆಯಿಂದಲೇ ಹೇಳುತ್ತಿದ್ದೆ.
ಇವನು ಸ್ಪೇಸ್ ಬಾರ್ ಮರೆಯುವ ಪೈಕಿ.

ಇದಕ್ಕೆ ಪವರ್ ಪಾಪ್ ಅಂತ ಹೆಸರಂತೆ.
ಗೊತ್ತಾದದ್ದು ಮೊನ್ನೆ ಮೊನ್ನೆ.
ಎಂಬತ್ತೇಳರಲ್ಲಿ ಹೆಸರು ಯಾರಿಗೆ ಬೇಕಿತ್ತು?
ಖಲಂದರನ ಅಣ್ಣ ಮೊಯ್ದು ಶಾರ್ಜಾದಿಂದ ಬಂದಾಗ
ಅತ್ತರು, ನೈಲೆಕ್ಸ್ ಸೀರೆ, ಹಾಲುಪುಡಿ ಡಬ್ಬಿಗಳ ಸಂದಿಯಲ್ಲಿ
ನಾಲ್ಕು ಕ್ಯಾಸೆಟ್.
ಮೇಲೆ ಮಲಯಾಳದಲ್ಲಿ ಬರೆದದ್ದಿಷ್ಟೆ:
ಇಂಗ್ಲಿಷ್ ಒಂದು, ಇಂಗ್ಲಿಷ್ ಎರಡು, ಹಾಗೆ.
ತಾಯಲಂಗಡಿಯ ಆ ಅಂಗಡಿಯಲ್ಲಿ
ಮಾಪಿಳ್ಳೆ ಪಾಟ್ಟಿಗೆ ಸಾಲು, ಭಜನೆಗೆ ಸಾಲು,
ಈ ನಾಲ್ಕಕ್ಕೆ ನಾನೊಬ್ಬಳೇ ಗಿರಾಕಿ.

ಎರಡನೆಯದು ಮಾಡುವಾಗ ಅವರಿಗೆ ದುಡ್ಡು ಬಂದಿರಬೇಕು.
ಪಿಟೀಲು ತರಿಸಿದ್ದಾರೆ,
ಮದುವೆಗೆಂದು ತಂದ ಬಾಡಿಗೆ ಕುರ್ಚಿಗಳ ಹಾಗೆ,
ತುಂಬ, ಆದರೆ ಕೂತವರಿಲ್ಲ.
ಅದರ ಮೂರನೇ ಹಾಡು ಮಾತ್ರ ಬಿಡಬೇಡಿ:
ಎರಡು ನಿಮಿಷ, ಹತ್ತು ಸೆಕೆಂಡು.
ಪಲ್ಲವಿ ಬರುವಾಗ ಎದೆಯೊಳಗೆ ಯಾರೋ
ಬೆಳಗಿನ ಶಟರು ಎತ್ತುತ್ತಾರೆ.

ಮೂರನೆಯದು ಬೇರೆಯವರದು. ಸಂಡೇ ಪೋಸ್ಟ್‌ಮೆನ್.
ಮೊಯ್ದುವಿಗೆ ಬಿಳಿಯರೆಲ್ಲ ಒಂದೇ.
ನಾನೂ ಹದಿನೈದು ವರ್ಷ
ಅದೇ ತಂಡ, ಹಾಡುವವನಿಗೆ ಶೀತ ಎಂದುಕೊಂಡಿದ್ದೆ.
ಆ ಶೀತ ಈಗಲೂ ಇಷ್ಟ ನನಗೆ.

ಇನ್ನು ನಾಲ್ಕನೆಯದು, ಟಿನ್ ಕೈಟ್ಸರ ಕೊನೆಯದು.
ಯಾರೂ ಕೊಳ್ಳಲಿಲ್ಲವಂತೆ ಅದನ್ನು.
ಹುಡುಗಿ ಕೊನೆಗೂ ಫೋನ್ ಎತ್ತುತ್ತಾಳೆ.
ಇವನಿಗೆ ಹೇಳಲಿಕ್ಕೆ ಏನೂ ಇಲ್ಲ.
ಡ್ರಮ್ಮಿನವನು ನಿಲ್ಲಲು ಕಲಿತಿದ್ದಾನೆ;
ಒಂದು ಕಡೆ ಅವನು ಬಾರಿಸದೆ ಬಿಟ್ಟ ಪೆಟ್ಟು
ನನಗೆ ಬಾರಿಸಿದ್ದಕ್ಕಿಂತ ಜೋರಾಗಿ ಕೇಳುತ್ತದೆ.

ಸೈಡ್ ಬಿ, ಕೊನೆಯ ಹಾಡು, ಪಲ್ಲವಿಯ ನಡುವೆ
ಯಾರೋ ಸ್ಟಾಪ್ ಒತ್ತಿದ್ದಾರೆ. ಟಕ್.
ಆಮೇಲೆ ಟೇಪಿನಲ್ಲಿ ಅಳಿಯದೆ ಉಳಿದ ಹಳೆಯ ದನಿ,
ಊರಿಗೆ ಕಳಿಸಿದ ಕಾಗದ, ಬಾಯಲ್ಲಿ ಬರೆದದ್ದು.
ಮೊಯ್ದು ಅಲ್ಲ. ಯಾರೆಂದು ಖಲಂದರನಿಗೂ ತಿಳಿಯದು.
ಮಲಯಾಳದಲ್ಲಿ, ನಮ್ಮ ಕಡೆಯ ಮಲಯಾಳದಲ್ಲಿ, ಹೇಳುತ್ತಾನೆ:
‘ಅಡಿಗೆಕೋಣೆಗೆ ಚಿಮಣಿ ಹಾಕಿಸು.
ಹೋದ ಕ್ಯಾಸೆಟ್ಟಿನಲ್ಲಿ ಬರೇ ನಿನ್ನ ಕೆಮ್ಮು.
ಟೇಪು ಮುಗಿಯಿತು. ಉಳಿದದ್ದು ಮುಂದಿನದರಲ್ಲಿ.’

ಕಳೆದ ವರ್ಷ ಖಲಂದರನ ಮಗಳು ನಸೀಮಾ
ಆ ಹಾಡನ್ನು ಪೂರ್ತಿ ಹುಡುಕಿ ತಂದಳು ಫೋನಿನಲ್ಲಿ.
ಟಕ್ ಆಗುವ ಜಾಗ ದಾಟಿ ಇನ್ನೂ ಒಂದೂಕಾಲು ನಿಮಿಷ:
ನಾಲ್ಕು ಕಂಠ ಒಟ್ಟಿಗೆ ಏರಿ, ಗಿಟಾರು ತೆಳುವಾಗಿ,
ಚಂದ್ರಗಿರಿ ಸೇತುವೆ ದಾಟಿದ ರೈಲಿನ ಹಾಗೆ
ಸಣ್ಣಗೆ, ಸಣ್ಣಗೆ, ಇಲ್ಲ.
ಒಳ್ಳೆಯದೇ. ಕಣ್ಣು ಒದ್ದೆಯಾಯಿತು ಕೂಡ.
ಆದರೂ ನಾನು ಕಾಯುತ್ತಲೇ ಇದ್ದೆ.
ನಸೀಮಾ ಕೇಳಿದಳು, ಮುಗಿಯಿತಲ್ಲ ಟೀಚರೆ, ಇನ್ನೇನು?

ಆದ್ದರಿಂದ ನನ್ನ ಲೆಕ್ಕ: ನಾಲ್ಕನೆಯದು, ಕ್ಯಾಸೆಟ್ಟಿನದೇ.
ಆಮೇಲೆ ಶೀತದವನು.
ಆಮೇಲೆ ಎರಡು ನಿಮಿಷ ಹತ್ತು ಸೆಕೆಂಡು.
ಹುಡುಗಿಯ ಹನ್ನೊಂದು ಹಾಡು ಕಡೆಗೆ.
‘ಅದು ಹಾಡಲ್ಲ ಮಾರಾಯ್ತಿ, ಯಾರದೋ ಮನೆಯ ಮಾತು’
ಎನ್ನುತ್ತಾನೆ ಖಲಂದರ್,
ಪೆನ್ಸಿಲು ತೂರಿಸಿ ರೀಲು ಬಿಗಿ ಮಾಡುತ್ತ.
ಚಿಮಣಿ ಹಾಕಿಸಿದಳೋ ಇಲ್ಲವೋ
ಎಂದು ಕೇಳಬೇಕೆನಿಸುತ್ತದೆ, ಯಾರಲ್ಲಿ ಕೇಳಲಿ?
ಅವನು ಮೊದಲನೆಯದನ್ನು ಹಾಕುತ್ತಾನೆ.
ಅಲ್ಲಿ ಫೋನು ಇನ್ನೂ ಹೊಡೆದುಕೊಳ್ಳುತ್ತಿದೆ.